ಒರ್ಲ್ಯಾಂಡೊ ಪ್ಯಾಂಥರ್ಸ್ ತಂಡವನ್ನು ಬಿಟ್ಟು ಬರೆದ ಚರಿತ್ರೆ

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರ್ಪಡೆಯಾಗಿರುವ, ಅಮೆರಿಕನ್ ಫುಟ್‌ಬಾಲ್‌ನದೇ ಒಂದು ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಕುರಿತು ತಮ್ಮ ಕ್ರೀಡಾ ಪುಟದಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎದುರಾಳಿಯನ್ನು ಕೆಡವದೆ ಅವನ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕೆನ್ನುವ ಆಟದ ನಿಯಮವನ್ನೂ, 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ ಕ್ರಿಕೆಟ್‌ನ ಜತೆಗೇ ಇದಕ್ಕೂ ಒಪ್ಪಿಗೆ ದೊರೆತುದನ್ನೂ ಲೇಖಕರು ತಿಳಿಯಾಗಿ ವಿವರಿಸಿದ್ದಾರೆ. ಆದರೆ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಅಂಗಳಕ್ಕೆ ಮಹಿಳೆ ಕಾಲಿಟ್ಟದ್ದು ಈ ಶತಮಾನದಲ್ಲಿ ಎಂಬ ಅವರ ಮಾತು ಸರಿಯಲ್ಲ. ಪ್ಯಾಟ್ರಿಷಿಯಾ ಪಾಲಿಂಕಸ್ ಎಂಬಾಕೆಯ ಆ ಹೆಜ್ಜೆ ಮೂಡಿದ್ದು 1970ರಲ್ಲಿ, ಈಗ ಹೆಸರೂ ಉಳಿಯದ ಒಂದು ಸಣ್ಣ ತಂಡದಲ್ಲಿ.

ಮಗಳ ಮನೆಗೆಂದು ಫ್ಲೋರಿಡಾದ ಒರ್ಲ್ಯಾಂಡೊಗೆ ಬಂದು ನಾಲ್ಕು ತಿಂಗಳಾಯಿತು. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ದುಡಿದವನಾದ್ದರಿಂದ, ಎಲ್ಲಿ ಹೋದರೂ ಮೊದಲು ಅಲ್ಲಿನ ಮೈದಾನ ನೋಡುವುದು ನನ್ನ ಅಭ್ಯಾಸ. ಇಲ್ಲಿನ ದೊಡ್ಡ ಕ್ರೀಡಾಂಗಣವನ್ನು ಒಂದು ಕಾಲಕ್ಕೆ ಟ್ಯಾಂಜರಿನ್ ಬೌಲ್ ಎಂದು ಕರೆಯುತ್ತಿದ್ದರು. ಒರ್ಲ್ಯಾಂಡೊ ಪ್ಯಾಂಥರ್ಸ್ ತಂಡದ ತವರು ಅಂಗಳ ಅದೇ. ಮೂಲದಲ್ಲಿ ಇದು ನ್ಯೂಜೆರ್ಸಿಯ ನ್ಯೂವಾರ್ಕ್ ಬೇರ್ಸ್. 1966ರಲ್ಲಿ ಊರು ಬದಲಿಸಿ, ಹೆಸರು ಬದಲಿಸಿ ಇಲ್ಲಿಗೆ ಬಂತು. ಎನ್‌ಎಫ್‌ಎಲ್ ಎಂಬ ದೊಡ್ಡ ಲೀಗಿನ ನೆರಳಿನಲ್ಲಿ ಆಡುತ್ತಿದ್ದ ಕಾಂಟಿನೆಂಟಲ್ ಫುಟ್‌ಬಾಲ್ ಲೀಗ್‌ನಲ್ಲಿ 1967 ಮತ್ತು 1968ರಲ್ಲಿ ಸತತ ಎರಡು ಸಲ ಪ್ರಶಸ್ತಿ ಗೆದ್ದಿತು. 1969ರ ಋತು ಮುಗಿಯುತ್ತಲೇ ಆ ಲೀಗೇ ಮುಚ್ಚಿತು. ಪ್ಯಾಂಥರ್ಸ್ ಮರುವರ್ಷ ಅಟ್ಲಾಂಟಿಕ್ ಕೋಸ್ಟ್ ಲೀಗ್‌ನ ಆಶ್ರಯ ಪಡೆಯಿತು.

ಪ್ಯಾಟ್ರಿಷಿಯಾ ಪಾಲಿಂಕಸ್ ಆಡಿದ್ದು ಆ ವರ್ಷ. ಆಕೆಯ ಪತಿ ಸ್ಟೀವ್ ಚೆಂಡನ್ನು ಒದೆಯುವ ಕಿಕ್ಕರ್. ಆತನಿಗೆ ಚೆಂಡು ಹಿಡಿದುಕೊಡುವ ಹೋಲ್ಡರ್ ಈಕೆ. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದ ಮೇಲೆ ಇನ್ನೊಂದು ಅಂಕಕ್ಕಾಗಿ ಒದೆಯುವಾಗ ಈ ಹೋಲ್ಡರ್ ಮಾಡುವ ಕೆಲಸವನ್ನು ಟಿ.ವಿ.ಯಲ್ಲಿ ನಾವು ಗಮನಿಸುವುದೇ ಇಲ್ಲ. ಸುಮಾರು ಏಳು ಗಜದಾಚೆಯಿಂದ ಸಹ ಆಟಗಾರ ಕಾಲಸಂದಿಯಲ್ಲಿ ಹಿಂದಕ್ಕೆ ಚಿಮ್ಮಿಸಿದ ಚೆಂಡನ್ನು ಮಂಡಿಯೂರಿ ಕುಳಿತು ಹಿಡಿಯಬೇಕು. ಮೊಟ್ಟೆಯಾಕಾರದ ಆ ಚೆಂಡನ್ನು ನೆಲಕ್ಕೆ ನೆಟ್ಟಗೆ ಊರಿ, ಅದರ ಹೊಲಿಗೆ ಒದೆಯುವವನ ಕಾಲಿಗೆ ತಾಗದಂತೆ ಆಚೆ ತಿರುಗಿಸಿ, ತುದಿಯನ್ನು ಒಂದೇ ಬೆರಳಿನಿಂದ ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ಒದೆಯುವವನು ಓಡಿ ಬಂದಿರುತ್ತಾನೆ, ಎದುರಾಳಿಗಳೂ ಮೇಲೆ ಬೀಳಲು ನುಗ್ಗುತ್ತಿರುತ್ತಾರೆ. ಎಲ್ಲವೂ ಒಂದೂವರೆ ಸೆಕೆಂಡಿನೊಳಗೆ ಮುಗಿಯಬೇಕು. ಕೈ ನಡುಗುವವರಿಗೆ ಆಗುವ ಕೆಲಸವಲ್ಲ ಇದು.

1970ರ ಆಗಸ್ಟ್ 15ರಂದು, ಬ್ರಿಜ್‌ಪೋರ್ಟ್ ಜೆಟ್ಸ್ ವಿರುದ್ಧದ ಪಂದ್ಯದಲ್ಲಿ ಆಕೆ ಅಂಗಳಕ್ಕಿಳಿದರು. ಮೊದಲ ಯತ್ನದಲ್ಲಿ ಚೆಂಡು ಕೈಗೆ ಸರಿಯಾಗಿ ಸಿಗಲಿಲ್ಲ. ತೂಕದಲ್ಲಿ ಆಕೆಯ ಸುಮಾರು ಎರಡರಷ್ಟಿದ್ದ ಎದುರಾಳಿಯೊಬ್ಬ ಆಕೆಯನ್ನು ನೆಲಕ್ಕೆ ಕೆಡವಿದ. ಗಂಡಸರ ಆಟವನ್ನು ಈಕೆ ಗೇಲಿ ಮಾಡುತ್ತಿದ್ದಾಳೆ ಎಂಬ ಸಿಟ್ಟಿನಿಂದ ಬೇಕೆಂದೇ ಬಲವಾಗಿ ಅಪ್ಪಳಿಸಿದೆನೆಂದು ಆತ ಪಂದ್ಯದ ನಂತರ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಆಕೆ ಎದ್ದು, ಅದೇ ಪಂದ್ಯದಲ್ಲಿ ಮತ್ತೆ ಮಂಡಿಯೂರಿ ಚೆಂಡು ಹಿಡಿದರು. ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಡಿದ ಮೊದಲ ಮಹಿಳೆ ಎಂಬ ಹೆಸರು ಅವರಿಗೆ ಸಂದದ್ದು ಹೀಗೆ.

ನನಗೆ ಈ ಸಂಗತಿ ಇಷ್ಟು ನಾಟಿದ್ದಕ್ಕೆ ಕಾರಣವಿದೆ. ಹೆಣ್ಣುಮಕ್ಕಳ ಕಬಡ್ಡಿ ತಂಡ ಕಟ್ಟಲು ಹೊರಟಾಗ ಊರಿನ ಹಿರಿಯರೊಬ್ಬರು ಮೈದಾನದ ಅಂಚಿಗೇ ಬಂದು, ‘ಮೇಷ್ಟ್ರೇ, ಬಿದ್ದು ಕೈಕಾಲು ಮುರ್ಕೊಂಡ್ರೆ ನಾಳೆ ಯಾರು ಮದುವೆ ಆಗ್ತಾರೆ?’ ಎಂದು ಕೇಳಿದ್ದರು. ಆ ಹುಡುಗಿಯರೂ ಬಿದ್ದರು, ಮಂಡಿಯ ಮಣ್ಣು ಕೊಡವಿಕೊಂಡು ಎದ್ದರು. ಪಾಲಿಂಕಸ್ ಅವರ ಕಥೆ ಆಗ ನನಗೆ ಗೊತ್ತಿದ್ದರೆ ತರಗತಿಯಲ್ಲಿ ಖಂಡಿತ ಹೇಳುತ್ತಿದ್ದೆ.

ತಂಡ ಆ ಋತುವಿನಾಚೆ ಬಾಳಲಿಲ್ಲ. ಆದರೆ ಅದರ ಪ್ರಸಿದ್ಧ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸಿ ಚೆಂಡನ್ನು ಎಸೆಯುವ ಆಟಗಾರ) ಡಾನ್ ಜೋನಾಸ್ 1971ರಲ್ಲಿ ವಿನ್ನಿಪೆಗ್ ಪರ ಆಡಿ ಕೆನಡಾ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದರು. ಮುಂದೆ ಒರ್ಲ್ಯಾಂಡೊಗೇ ಮರಳಿ, 1979ರಲ್ಲಿ, ಇಂದು ನಮ್ಮ ಕಡೆಯ ಹಲವು ವಿದ್ಯಾರ್ಥಿಗಳು ಓದುತ್ತಿರುವ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಮೊದಲ ಮುಖ್ಯ ತರಬೇತುದಾರರಾದರು. ದೊಡ್ಡ ಲೀಗ್‌ಗಳ ದಾಖಲೆಯನ್ನಷ್ಟೇ ತಿರುವಿ ಹಾಕಿದರೆ ಇಂಥವು ಕಣ್ಣಿಗೆ ಬೀಳುವುದಿಲ್ಲ. ತಮ್ಮ ಲೇಖಕರಿಗೆ ಆದದ್ದೂ ಅದೇ ಇರಬೇಕು.

ನಮ್ಮಲ್ಲೂ 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ನಡೆದಾಗ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವಿತ್ತು. ಆಟದ ಹೆಸರನ್ನೇ ಆಗಷ್ಟೇ ಕೇಳಿದ ತರುಣರು ಹೆಲ್ಮೆಟ್ ತೊಟ್ಟು ಆಡಿದ ಆ ತಂಡದ ಬಗ್ಗೆ ಇಂದು ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಆಡಿದವರು ಇನ್ನೂ ಮಧ್ಯವಯಸ್ಸಿನ ಆಸುಪಾಸಿನಲ್ಲಿರುವಾಗಲೇ ತಮ್ಮ ವರದಿಗಾರರು ಅವರನ್ನು ಮಾತನಾಡಿಸಿ ಬರೆಯಬೇಕೆಂದು ಕೋರುತ್ತೇನೆ. ಲೇಖನದಲ್ಲಿನ ತಪ್ಪನ್ನು ತಿದ್ದುಪಡಿಯ ಅಂಕಣದಲ್ಲಿ ಸರಿಪಡಿಸಿ, ಅಲ್ಲಿ ಪಾಲಿಂಕಸ್ ಅವರ ಹೆಸರನ್ನೂ ಅವರ ತಂಡದ ಹೆಸರನ್ನೂ ಪ್ರಕಟಿಸಬೇಕಾಗಿ ವಿನಂತಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ, ಶಿವಮೊಗ್ಗ ಜಿಲ್ಲೆ
ಸದ್ಯ ಒರ್ಲ್ಯಾಂಡೊ