ಸಾಮಾನ್ಯ ಜ್ಞಾನ ಕೈಪಿಡಿಯ ತಪ್ಪು ಪಟ್ಟಿಗಳು: ಪ್ರಕಾಶಕರಿಗೆ ದೂರು ಪತ್ರ

ಇವರಿಂದ:
ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತುದಾರರು ಮತ್ತು ಗ್ರಂಥಪಾಲಕರು

ಇವರಿಗೆ:
ಪ್ರಕಾಶಕರು ಹಾಗೂ ಸಂಪಾದಕರು,
ಸಾಮಾನ್ಯ ಜ್ಞಾನ ಕೈಪಿಡಿ ವಿಭಾಗ

ವಿಷಯ: ಮುಖಪುಟದಲ್ಲಿ ‘ಪರಿಷ್ಕೃತ ಆವೃತ್ತಿ 2025’ ಎಂದು ಅಚ್ಚಾಗಿರುವ ನಿಮ್ಮ ಕೈಪಿಡಿಯ ಪಟ್ಟಿಗಳಲ್ಲಿರುವ ತಪ್ಪುಗಳು, ತಪ್ಪು-ಒಪ್ಪು ಪಟ್ಟಿ ಹಾಗೂ ಪ್ರತಿಗಳ ಬದಲಾವಣೆ ಕೋರಿ.

ಮಾನ್ಯರೇ,

ನಿಮ್ಮ ಕೈಪಿಡಿಯ ಬಹುಪಾಲು ಪುಟಗಳಲ್ಲಿ ಇರುವುದು ಪಟ್ಟಿಗಳು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಪಟ್ಟಿಯ ಪುಸ್ತಕವೆಂದರೆ ಬರೀ ಬಾಯಿಪಾಠದ ಸರಕು ಎಂದು ಮೂಗು ಮುರಿಯುವವರ ಮಾತನ್ನು ನಾವು ಒಪ್ಪುವುದಿಲ್ಲ. ಕನ್ನಡದ ಎಂಟು ಜ್ಞಾನಪೀಠಗಳನ್ನು ಒಂದರ ಕೆಳಗೊಂದು ಇಟ್ಟಾಗಲೇ 1983ರಿಂದ 1998ರೊಳಗೆ ನಾಲ್ಕು ಬಂದವು, ಆಮೇಲೆ 2010ರವರೆಗೆ ಒಂದೂ ಬರಲಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಉದ್ದನೆಯ ಲೇಖನದಲ್ಲಿ ಇದು ಮುಚ್ಚಿಹೋಗುತ್ತದೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟರೆ ಇರುವ ಒಂದೇ ಪರಾಮರ್ಶನ ಗ್ರಂಥ ಇಂಥ ಕೈಪಿಡಿ. ಪಟ್ಟಿಯಲ್ಲಿ ‘ಬಹುಶಃ’ ಎನ್ನಲು ಜಾಗವಿಲ್ಲ. ಅಲ್ಲಿ ತಪ್ಪು ಕೂಡ ಸರಿಯಷ್ಟೇ ಗಟ್ಟಿಯಾಗಿ ಕಾಣುತ್ತದೆ. ಈ ಪತ್ರ ಬರೆಯಲು ಅದೇ ಕಾರಣ.

ಮೊದಲು ಜಿಲ್ಲೆಗಳ ಪಟ್ಟಿ. ತಲೆಬರಹದಲ್ಲಿ 31 ಎಂದಿದೆ, ಎಣಿಸಿದರೆ ಸಾಲುಗಳು 30. ವಿಜಯನಗರ ಜಿಲ್ಲೆ ಬಿಟ್ಟುಹೋಗಿದ್ದು, ಹೊಸಪೇಟೆ ಇನ್ನೂ ಬಳ್ಳಾರಿಯ ತಾಲ್ಲೂಕಾಗಿಯೇ ಉಳಿದಿದೆ. ವಿಜಯನಗರ 2021ರಲ್ಲೇ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಪುಟವನ್ನು ಹಾಗೇ ಇಟ್ಟು ತಲೆಬರಹದ ಅಂಕಿಯನ್ನಷ್ಟೇ ಬದಲಿಸಿದ್ದೀರಿ ಎಂಬುದು ಸ್ಪಷ್ಟ. ಈ ಪಟ್ಟಿಯನ್ನು ತಾಳೆ ನೋಡುವುದು ಕಷ್ಟದ ಕೆಲಸವೇನಲ್ಲ. ಏಕೀಕರಣದ ಹೊತ್ತಿಗೆ 19 ಜಿಲ್ಲೆಗಳಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಸೇರಿ 20 ಆಯಿತು. 1997ರಲ್ಲಿ ಉಡುಪಿ, ಕೊಪ್ಪಳ, ಗದಗ, ಚಾಮರಾಜನಗರ, ದಾವಣಗೆರೆ, ಬಾಗಲಕೋಟೆ, ಹಾವೇರಿ ಬಂದು 27. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಬಂದು 29. ಆಮೇಲೆ ಯಾದಗಿರಿ, ಕೊನೆಗೆ ವಿಜಯನಗರ. ಪಟ್ಟಿಯ ಪಕ್ಕದಲ್ಲಿ ಈ ಕೂಡಿಕೆಯನ್ನು ಹಾಕಿದ್ದರೆ ಬಿಟ್ಟುಹೋದ ಸಾಲು ತಾನಾಗಿ ಸಿಕ್ಕಿಬೀಳುತ್ತಿತ್ತು. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಪುಸ್ತಕ ಅದಕ್ಕೂ ಮೊದಲೇ ಅಚ್ಚಾಗಿದ್ದರೆ ಅದು ನಿಮ್ಮ ತಪ್ಪಲ್ಲ. ಆದರೆ ‘ಇಂಥ ತಿಂಗಳವರೆಗಿನ ಮಾಹಿತಿ’ ಎಂಬ ಒಂದು ಸಾಲು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇಲ್ಲವಲ್ಲ!

ಜಿಲ್ಲೆಗಳನ್ನು ಜೋಡಿಸಿರುವ ಕ್ರಮ ಇನ್ನೊಂದು ದೋಷ. ಬಾಗಲಕೋಟೆ, ಬಳ್ಳಾರಿ, ಬೆಳಗಾವಿ ಎಂದು ಮೊದಲಾಗಿ, ಬೀದರ್ ಆದ ಮೇಲೆ ಚಾಮರಾಜನಗರಕ್ಕೆ ಹೋಗುತ್ತದೆ. ಇದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಕನ್ನಡ ಅಕಾರಾದಿಯಲ್ಲಿ ಉಡುಪಿ, ಉತ್ತರ ಕನ್ನಡ, ಕಲಬುರಗಿ ಎಂದು ಆರಂಭವಾಗಿ ಹಾಸನದಲ್ಲಿ ಮುಗಿಯಬೇಕು. ಇಂಗ್ಲಿಷ್ ಪಟ್ಟಿಯನ್ನು ಲಿಪ್ಯಂತರ ಮಾಡಿದಾಗ ಹೀಗಾಗುತ್ತದೆ. ಇನ್ನೊಂದು ಬಗೆಯ ಅಡ್ಡಾದಿಡ್ಡಿ ಕ್ರಮವೂ ನಿಮ್ಮ ಪುಸ್ತಕದ ಬೇರೆ ಪಟ್ಟಿಗಳಲ್ಲಿದೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಸಾಲುಗಳನ್ನು ಎಕ್ಸೆಲ್‌ನಲ್ಲಿ ವಿಂಗಡಿಸಿದರೆ, ಒಳಗಿರುವ ಇಂಗ್ಲಿಷ್ ಸಂಕೇತಗಳನ್ನು ನೋಡಿಯೇ ಅದು ಜೋಡಿಸುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತುಗಳು ಸರಿಯಾಗಿ ಕೂತಿವೆಯೇ ನೋಡಿ, ಆಮೇಲೆ ವಿಂಗಡಿಸಬೇಕು. ಕ್ರಮ ತಪ್ಪಿದ ಪಟ್ಟಿಯಲ್ಲಿ ಬಿಟ್ಟುಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ವಿಜಯನಗರ ಕಾಣೆಯಾದದ್ದು ಹೀಗೆಯೇ ಇರಬೇಕು.

ಎಲ್ಲಕ್ಕಿಂತ ಅಪಾಯದ ತಪ್ಪು ಕರೆನ್ಸಿ ಪಟ್ಟಿಯದು. ಬಾಂಗ್ಲಾದೇಶಕ್ಕೆ ಟಾಕಾ ಸರಿಯಾಗಿದೆ. ಅಲ್ಲಿಂದ ಮುಂದೆ ಜಪಾನ್‌ಗೆ ರಿಂಗಿಟ್, ಮಲೇಷ್ಯಾಕ್ಕೆ ತುಗ್ರಿಕ್, ಮಂಗೋಲಿಯಾಕ್ಕೆ ವಾನ್, ದಕ್ಷಿಣ ಕೊರಿಯಾಕ್ಕೆ ಬಾತ್, ಥಾಯ್ಲೆಂಡ್‌ಗೆ ಡಾಂಗ್. ವಿಯೆಟ್ನಾಂ ಎದುರು ಬರೀ ಅಡ್ಡಗೆರೆ. ಬಲಗಡೆಯ ಕಾಲಂನಲ್ಲಿ ಯೆನ್ ಅಳಿಸಿಹೋಗಿ, ಕೆಳಗಿನದೆಲ್ಲ ಒಂದೊಂದು ಸಾಲು ಮೇಲೆ ಸರಿದಿದೆ. ಎರಡು ಕಾಲಂಗಳನ್ನು ಬೇರೆ ಬೇರೆ ಪಠ್ಯಚೌಕಗಳಾಗಿ ಪುಟಕ್ಕೆ ಕೂರಿಸಿದಾಗ ಹೀಗಾಗುತ್ತದೆ. ಕರಡು ತಿದ್ದುವವರು ಕಾಗುಣಿತ ನೋಡುತ್ತಾರೆ, ಇಲ್ಲಿ ಕಾಗುಣಿತವೆಲ್ಲ ಸರಿಯೇ ಇದೆ. ಪಟ್ಟಿಯನ್ನು ಒಂದೇ ಕೋಷ್ಟಕವಾಗಿ ಸೇರಿಸಬೇಕು. ಒಬ್ಬರು ಮೂಲದಿಂದ ಜೋಡಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಪ್ರತಿಯಲ್ಲಿ ಗುರುತು ಹಾಕಬೇಕು. ಅದೂ ಕೊನೆಯ ಸಾಲಿನಿಂದ ಮೇಲಕ್ಕೆ, ಏಕೆಂದರೆ ಸಾಲು ಜಾರಿದ್ದರೆ ಅದು ಸಾಮಾನ್ಯವಾಗಿ ಕೊನೆಯಲ್ಲೇ ಬಯಲಾಗುತ್ತದೆ. ಇದೇ ಪುಟದಲ್ಲಿ ಕ್ರೊಯೇಷಿಯಾಕ್ಕೆ ಇನ್ನೂ ಕೂನಾ ಇದೆ. ಆ ದೇಶ 2023ರ ಜನವರಿ 1ರಿಂದ ಯೂರೋ ಬಳಸುತ್ತಿದೆ.

ಜ್ಞಾನಪೀಠದ ಪಟ್ಟಿಯಲ್ಲಿ ಹೆಸರುಗಳು ಎಂಟೂ ಇವೆ, ಕಾಲಂಗಳಿಗೆ ಮಾತ್ರ ಒಂದೇ ಅರ್ಥವಿಲ್ಲ. ಕುವೆಂಪು ಎದುರು 1967 ಎಂದಿದೆ, ಅದು ಪ್ರಶಸ್ತಿಯ ವರ್ಷ. ಕಂಬಾರರ ಎದುರು 2011 ಎಂದಿದೆ, ಅದು ಘೋಷಣೆಯಾದ ವರ್ಷ. ಪ್ರಶಸ್ತಿ 2010ನೆಯ ಸಾಲಿನದು. ‘ಕೃತಿ’ ಎಂಬ ಕಾಲಂನಲ್ಲಿ ಅನಂತಮೂರ್ತಿಯವರ ಎದುರು ‘ಸಂಸ್ಕಾರ’ ಎಂದು ತುಂಬಿಸಿದ್ದೀರಿ. ಮೊದಮೊದಲು ಜ್ಞಾನಪೀಠವನ್ನು ಒಂದು ನಿರ್ದಿಷ್ಟ ಕೃತಿಗೆ ಕೊಡುತ್ತಿದ್ದರು, 1980ರ ದಶಕದಲ್ಲಿ ಆ ಪದ್ಧತಿ ಬದಲಾಗಿ ಒಟ್ಟಾರೆ ಸಾಹಿತ್ಯ ಸಾಧನೆಗೆ ಕೊಡತೊಡಗಿದರು. 1994ರ ಪ್ರಶಸ್ತಿಗೆ ಕೃತಿಯ ಹೆಸರೇ ಇಲ್ಲ. ಖಾಲಿ ಬಿಡಬೇಕಾದ ಚೌಕವನ್ನು ತುಂಬಿಸುವ ಆಸೆ ಪಟ್ಟಿ ಮಾಡುವವರಿಗೆ ಬರುವುದು ಸಹಜ. ಅದನ್ನು ತಡೆಯುವುದೇ ಸಂಪಾದಕರ ಕೆಲಸ.

ಜೋಗದ ಎತ್ತರ ಒಂದು ಪುಟದಲ್ಲಿ 253 ಮೀಟರ್, ಇನ್ನೊಂದರಲ್ಲಿ 292. ಮೊದಲನೆಯದು 830 ಅಡಿಯ ಲೆಕ್ಕ, ಅದೇ ಸರಿ. ಎರಡನೆಯದು 960 ಅಡಿ ಎಂಬ ಹಳೆಯ ಅಂಕಿಯಿಂದ ಬಂದದ್ದು. ‘ಅತಿ ಎತ್ತರದ ಜಲಪಾತ’ ಎಂಬ ಸಾಲಿಗೂ ಒಂದು ವಿವರಣೆ ಬೇಕು. 455 ಮೀಟರ್ ಎಂದು ಪಟ್ಟಿಗಳಲ್ಲಿ ಬರುವ ಕುಂಚಿಕಲ್ ಜಲಪಾತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದೇ ನೆಗೆತಕ್ಕೆ ಬೀಳುವ ಎತ್ತರದ ಲೆಕ್ಕ ಬೇರೆ. ಯಾವ ಅಳತೆಯೆಂದು ಹೇಳದಿದ್ದರೆ ಎರಡು ಉತ್ತರಗಳೂ ಸರಿ, ಎರಡೂ ತಪ್ಪು.

ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳು 2010ರಲ್ಲಿ ಬದಲಾದವು. ನಿಮ್ಮ ಪಟ್ಟಿಯಲ್ಲಿ ಹಳತು ಹೊಸತು ಬೆರೆತಿವೆ. ಕರಾವಳಿಯ ಹೆದ್ದಾರಿ 66 ಎಂದು ಸರಿಯಾಗಿದ್ದರೆ, ಬೆಂಗಳೂರು-ಹಾಸನ-ಮಂಗಳೂರು ರಸ್ತೆ ಇನ್ನೂ 48 ಎಂದೇ ಇದೆ. ಅದು ಈಗ 75. ಈಗಿನ 48 ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಮೇಲೆ ಬರುವ ಹಳೆಯ 4. ರದ್ದಾದ ಸಂಖ್ಯೆಯಾಗಿದ್ದರೆ ಓದುವವನಿಗೆ ಅನುಮಾನವಾದರೂ ಬರುತ್ತಿತ್ತು. ಬೇರೆ ರಸ್ತೆಗೆ ಹೋದ ಸಂಖ್ಯೆಯಾದ್ದರಿಂದ ತಪ್ಪು ಉತ್ತರವನ್ನು ಧೈರ್ಯವಾಗಿ ಗುರುತು ಮಾಡಿ ಬರುತ್ತಾನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಇದರ ಬೆಲೆ ಏನೆಂದು ನಿಮಗೆ ತಿಳಿದೇ ಇದೆ.

292 ಮೀಟರ್ ಮತ್ತು ‘ಸಂಸ್ಕಾರ’ ಎರಡೂ ಬೇರೆ ಹಳೆಯ ಕೈಪಿಡಿಗಳಲ್ಲಿಯೂ ಹೀಗೇ ಇವೆ. ಎಂದರೆ ಇದು ಪಟ್ಟಿಯಿಂದ ಮಾಡಿದ ಪಟ್ಟಿ. ಅಮೆರಿಕದಲ್ಲಿ ಫ್ರೆಡ್ ವರ್ತ್ ಎಂಬ ಸಂಕಲನಕಾರ, ನಕಲು ಹಿಡಿಯಲೆಂದೇ ಟಿವಿ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂದು ತನ್ನ ಕೋಶದಲ್ಲಿ ಸುಳ್ಳು ಬರೆದಿದ್ದ. ಟ್ರಿವಿಯಲ್ ಪರ್ಸ್ಯೂಟ್ ಎಂಬ ರಸಪ್ರಶ್ನೆ ಆಟದ ಕಾರ್ಡುಗಳಲ್ಲಿ ಆ ಹೆಸರು ಬಂತು. ಅವನು ಹೂಡಿದ ದಾವೆಯಲ್ಲಿ, ಬಿಡಿ ಮಾಹಿತಿಗೆ ಹಕ್ಕುಸ್ವಾಮ್ಯವಿಲ್ಲವೆಂದು ನ್ಯಾಯಾಲಯ ಆಟದವರ ಪರವಾಗಿ ತೀರ್ಪು ಕೊಟ್ಟಿತು. ನಕಲು ಕಾನೂನಿಗೆ ಸರಿಯಿರಬಹುದು, ಆದರೆ ಹಣ ಕೊಟ್ಟು ಕೊಂಡವನ ಕೈಗೆ ಬಂದದ್ದು ಸುಳ್ಳೇ.

ನಮ್ಮ ಕೋರಿಕೆ ಇಷ್ಟು. ಈ ಆವೃತ್ತಿಯ ತಪ್ಪು-ಒಪ್ಪು ಪಟ್ಟಿಯನ್ನು 30 ದಿನಗಳೊಳಗೆ ಅಚ್ಚು ಮಾಡಿ, ಅಂಗಡಿಗಳಲ್ಲಿ ಉಳಿದಿರುವ ಪ್ರತಿಗಳ ಒಳಗೆ ಅಂಟಿಸಿ. ಈಗಾಗಲೇ ಕೊಂಡವರಿಗೆ ಉಚಿತವಾಗಿ ಸಿಗುವಂತೆ ಮಾಡಿ. ಗ್ರಂಥಾಲಯಗಳು ಕೊಂಡ ಪ್ರತಿಗಳನ್ನು ತಿದ್ದಿದ ಮುದ್ರಣ ಬಂದಾಗ ಬದಲಿಸಿಕೊಡಿ. ಮುಂದಿನ ಮುದ್ರಣದಿಂದ ಪ್ರತಿ ಪಟ್ಟಿಯ ಕೆಳಗೆ ಮಾಹಿತಿಯ ಕೊನೆಯ ದಿನಾಂಕ, ಸಾಲುಗಳ ಒಟ್ಟು ಸಂಖ್ಯೆ, ಮೂಲ ಯಾವುದು ಎಂಬ ಮೂರು ವಿವರ ಇರಲಿ. ಜಿಲ್ಲೆಗಳಿಗೆ ರಾಜ್ಯಪತ್ರ, ಪ್ರಶಸ್ತಿಗಳಿಗೆ ಅದನ್ನು ಕೊಡುವ ಸಂಸ್ಥೆಯ ಪಟ್ಟಿ, ಹೆದ್ದಾರಿಗಳಿಗೆ ಕೇಂದ್ರ ಸಚಿವಾಲಯದ ಅಧಿಸೂಚನೆ ಮೂಲವಾಗಲಿ. ಇನ್ನೊಂದು ಕೈಪಿಡಿಯನ್ನು ಮೂಲವೆಂದು ಒಪ್ಪಬೇಡಿ. ಪರಿಷ್ಕರಿಸದ ಪುಟಗಳಿರುವ ಪುಸ್ತಕದ ಮೇಲೆ ‘ಪರಿಷ್ಕೃತ’ ಎಂದು ಹಾಕುವುದನ್ನು ನಿಲ್ಲಿಸಿ. ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇವೆ.

ಮೇಲೆ ಹೇಳಿದ ಐದೂ ಪಟ್ಟಿಗಳನ್ನು ತಿದ್ದಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಖರೀದಿ ರಸೀದಿಯ ನಕಲಿನೊಂದಿಗೆ ಲಗತ್ತಿಸಿದ್ದೇವೆ. ನೇರವಾಗಿ ಬಳಸಿಕೊಳ್ಳಬಹುದು, ನಮ್ಮ ಹೆಸರು ಹಾಕಬೇಕಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ತರಬೇತುದಾರರು ಮತ್ತು ಗ್ರಂಥಪಾಲಕರು