ಕಟರ್ ನಡುಗಿದ್ದೇಕೆಂದು ಬಲ್ಲವರ ಹೆಸರೂ ಪ್ರಬಂಧದಲ್ಲಿರಲಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳ ಸುದ್ದಿ ಬಂದಾಗಲೆಲ್ಲ ಎಷ್ಟು ಸಂಶೋಧನಾ ಪ್ರಬಂಧ ಪ್ರಕಟವಾದವು ಎಂಬ ಸಂಖ್ಯೆ ಮುಂದೆ ನಿಲ್ಲುತ್ತದೆ. ಲೋಹದ ಮಿಲ್ಲಿಂಗ್ ಮಾಡುವಾಗ, ಅಂದರೆ ತಿರುಗುವ ಹಲ್ಲಿನ ಕಟರ್‌ನಿಂದ ಕತ್ತರಿಸುವಾಗ, ಹುಟ್ಟುವ ಕಂಪನ ಮೆಕ್ಯಾನಿಕಲ್ ವಿಭಾಗದವರಿಗೆ ಒಗ್ಗಿದ ವಿಷಯ. ಆದರೆ ಅಂಥ ಪ್ರಬಂಧವೊಂದನ್ನು ಹಿಡಿದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲೋ ಹರಿಹರದ ವರ್ಕ್‌ಶಾಪಿನಲ್ಲೋ ಅದೇ ವೇಗ, ಅದೇ ಆಳ ಇಟ್ಟು ನೋಡಿದರೆ ಅದರಲ್ಲಿ ಹೇಳಿದ ನುಣುಪು ಅನೇಕ ಸಲ ಬರುವುದೇ ಇಲ್ಲ. ಇದಕ್ಕೆ ಲೇಖಕರ ಪಟ್ಟಿ ತಯಾರಾಗುವ ರೀತಿಯೂ ಒಂದು ಕಾರಣ. ಅದನ್ನು ಬಿಡಿಸಿ ಹೇಳಲು ಮೊದಲು ನಡುಕದ ಬಗ್ಗೆಯೇ ಮಾತಾಡಬೇಕು.

ಕಟರ್ ಕಿರುಚಿ, ಜಾಬ್ (ಕತ್ತರಿಸುವ ಲೋಹದ ತುಂಡು) ಮೇಲೆ ಮೀನಿನ ಹುರುಪೆಯಂಥ ಗುರುತು ಬಿದ್ದರೆ ಶಾಪಿನಲ್ಲಿ ಅದನ್ನು ಚಾಟರ್ ಎನ್ನುತ್ತಾರೆ. ಒಂದು ಹಲ್ಲು ಕತ್ತರಿಸಿ ಹೋದ ಜಾಗದಲ್ಲಿ ಸಣ್ಣ ಅಲೆ ಉಳಿದಿರುತ್ತದೆ. ಹಿಂದೆ ಬರುವ ಹಲ್ಲು ಆ ಅಲೆಯನ್ನೇ ಕತ್ತರಿಸುತ್ತ, ತಾನೂ ಅಲುಗುತ್ತ, ಇನ್ನೊಂದು ಅಲೆ ಬಿಟ್ಟು ಹೋಗುತ್ತದೆ. ಎರಡು ಅಲೆಗಳು ಜತೆಜತೆಗೆ ಏರಿಳಿದರೆ ಚಿಪ್‌ನ (ಕತ್ತರಿಸಿ ಬೀಳುವ ಚೂರಿನ) ದಪ್ಪ ಒಂದೇ ಸಮ. ಒಂದು ಏರುವಾಗ ಇನ್ನೊಂದು ಇಳಿದರೆ ಚಿಪ್ ದಪ್ಪ-ತೆಳು ಆಗಿ, ಕತ್ತರಿಸುವ ಬಲವೂ ಹಾಗೆಯೇ ಏರಿಳಿದು, ನಡುಕ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. 1950–60ರ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನ ಟೋಬಿಯಸ್, ಪ್ರಾಗ್‌ನ ಟ್ಲುಸ್ಟಿ ಇದನ್ನು ಲೆಕ್ಕಕ್ಕೆ ಇಳಿಸಿದರು. ಟೋಬಿಯಸ್ ಜತೆ ಫಿಶ್‌ವಿಕ್, ಟ್ಲುಸ್ಟಿ ಜತೆ ಪೊಲಾಚೆಕ್ ಇದ್ದರು. ಈಗ ಕಿವಿಗೆ ಬೀಳುವುದು ಹೆಚ್ಚಾಗಿ ಮೊದಲಿನ ಎರಡು ಹೆಸರುಗಳೇ.

ಈ ಲೆಕ್ಕದಿಂದ ಬಂದ ನಕ್ಷೆಗೆ ಸ್ಟೆಬಿಲಿಟಿ ಲೋಬ್ ನಕ್ಷೆ ಎಂದು ಹೆಸರು. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಕಟ್‌ನ ಆಳ. ಗೆರೆ ಗುಡ್ಡಸಾಲಿನಂತೆ ಏರಿಳಿಯುತ್ತದೆ. ಗೆರೆಯ ಕೆಳಗೆ ಕೆಲಸ ಶಾಂತ, ಮೇಲೆ ಹೋದರೆ ಚಾಟರ್. ಹಾಗಾಗಿ ವೇಗ ಇಳಿಸಿದರೆ ನಡುಕ ನಿಲ್ಲುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಶಿಖರದ ಪಕ್ಕದಲ್ಲಿದ್ದರೆ ವೇಗ ಏರಿಸಿದಾಗಲೇ ಸದ್ದು ಅಡಗುತ್ತದೆ. ಇನ್ನು ಫೀಡ್ (ಜಾಬ್ ಕಟರ್‌ನತ್ತ ಸರಿಯುವ ವೇಗ) ಇಳಿಸುವುದು ಬಹುತೇಕ ಸಲ ವ್ಯರ್ಥ. ಚಾಟರ್ ಹುಟ್ಟುವ ಮಿತಿಯನ್ನು ತೀರ್ಮಾನಿಸುವುದು ಮುಖ್ಯವಾಗಿ ಆಳ. ಫೀಡ್ ತೀರಾ ತೆಳುವಾದರೆ ಹಲ್ಲು ಕತ್ತರಿಸುವ ಬದಲು ಉಜ್ಜತೊಡಗುತ್ತದೆ.

ಲ್ಯಾಬ್ ಇಲ್ಲದವರೂ ಇದನ್ನು ಮೊಬೈಲ್‌ನಲ್ಲೇ ಪರೀಕ್ಷಿಸಬಹುದು. ಧ್ವನಿಯ ಆವರ್ತನ ತೋರಿಸುವ ಉಚಿತ ಆ್ಯಪ್ ಸಾಕು. ಮೊದಲು ಸ್ಪಿಂಡಲ್ (ಕಟರನ್ನು ತಿರುಗಿಸುವ ದಂಡ) ಖಾಲಿ ತಿರುಗಿಸಿ ಐದು ಸೆಕೆಂಡ್ ರೆಕಾರ್ಡ್ ಮಾಡಿ, ಕೂಲಂಟ್ ಪಂಪು ಮತ್ತು ಫ್ಯಾನಿನ ಗೆರೆಗಳನ್ನು ಗುರುತು ಹಾಕಿಕೊಳ್ಳಬೇಕು. ಆಮೇಲೆ ಕಟ್ ಕೊಟ್ಟು ರೆಕಾರ್ಡ್ ಮಾಡಬೇಕು. 12 ಮಿ.ಮೀ.ನ ನಾಲ್ಕು ಹಲ್ಲಿನ ಕಾರ್ಬೈಡ್ ಎಂಡ್ ಮಿಲ್ 2880 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನೋಣ. ಸ್ಪಿಂಡಲ್‌ನ ಆವರ್ತನ 48 ಹರ್ಟ್ಸ್, ಹಲ್ಲುಗಳದು ಅದರ ನಾಲ್ಕರಷ್ಟು, 192. (ಸರಿಯಾಗಿ 3000 ಇಡಬಾರದು. ಆಗ ಸ್ಪಿಂಡಲ್ 50 ಹರ್ಟ್ಸ್‌ಗೆ ಬಂದು ಕರೆಂಟಿನ ಗುಂಯ್‌ಗುಡುವಿಕೆಯೊಳಗೆ ಕಲೆತುಹೋಗುತ್ತದೆ.) 192, 384, 576, 768, 960ರಲ್ಲಿ ಗೆರೆಗಳು ಕಂಡರೆ ಅದು ಹಲ್ಲು ಬಡಿಯುವ ಸಹಜ ಸದ್ದು. 48ರ ಗೆರೆ ಎದ್ದು ಕಂಡರೆ ಟೂಲ್ ಓರೆಯಾಗಿ ಓಡುತ್ತಿದೆ, ಡಯಲ್ ಗೇಜ್ ಹಚ್ಚಿ ನೋಡಬೇಕು. ಇವು ಯಾವುದಕ್ಕೂ ಹೊಂದದ 890ರಲ್ಲಿ ದೊಡ್ಡ ಗೆರೆ ಎದ್ದರೆ ಅದೇ ಚಾಟರ್.

890ನ್ನು 60ರಿಂದ ಗುಣಿಸಿ ನಾಲ್ಕು ಹಲ್ಲಿಗೆ ಭಾಗಿಸಿದರೆ 13350. ಅದನ್ನು 2, 3, 4ರಿಂದ ಭಾಗಿಸಿದರೆ 6675, 4450, ಸುಮಾರು 3340. ಇವೇ ಶಿಖರಗಳ ಹತ್ತಿರದ ವೇಗಗಳು. ಇಎನ್8 ಉಕ್ಕಾದರೆ 3340 ಆರ್‌ಪಿಎಂಗೆ ಕತ್ತರಿಸುವ ವೇಗ ನಿಮಿಷಕ್ಕೆ 126 ಮೀಟರ್, ಕೋಟಿಂಗ್ ಇರುವ ಕಾರ್ಬೈಡ್ ತಡೆದುಕೊಳ್ಳುತ್ತದೆ. ಮೊದಲು ಅದನ್ನೇ ನೋಡಬೇಕು. ಕೇಳಿಬರುವ ಚಾಟರ್ ಆವರ್ತನ ಟೂಲ್‌ನ ಸಹಜ ಆವರ್ತನಕ್ಕಿಂತ (ತಟ್ಟಿದರೆ ಅದು ತಾನಾಗಿ ಅಲುಗುವ ಆವರ್ತನ) ಸಾಮಾನ್ಯವಾಗಿ ತುಸು ಮೇಲಿರುವುದರಿಂದ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಕಿವಿಗೊಡಬೇಕು. ಆರ್‌ಪಿಎಂ ಏರಿಸಿದವರು ಫೀಡನ್ನು ಮರೆಯುತ್ತಾರೆ. ಹಲ್ಲಿಗೆ 0.05 ಮಿ.ಮೀ.ನಂತೆ ನಿಮಿಷಕ್ಕೆ 576 ಮಿ.ಮೀ. ಇದ್ದದ್ದನ್ನು 668ಕ್ಕೆ ಏರಿಸದಿದ್ದರೆ ಹಲ್ಲಿಗೆ 0.043 ಮಾತ್ರ ಸಿಗುತ್ತದೆ.

ಈ ಎಲ್ಲ ಸಂಖ್ಯೆಗಳೂ ಕಟರ್ ಹೋಲ್ಡರಿನಿಂದ ಎಷ್ಟು ಹೊರಗೆ ನಿಂತಿದೆ ಎಂಬುದರ ಮೇಲೆ ನಿಂತಿವೆ. ಟೂಲ್ ಬಾಗುವುದು ಹೊರಚಾಚಿನ ಘನಕ್ಕೆ ತಕ್ಕಂತೆ. 36 ಮಿ.ಮೀ. ಇದ್ದದ್ದು 48 ಆದರೆ ಅದೇ ಬಲಕ್ಕೆ ಸುಮಾರು 2.4 ಪಟ್ಟು ಬಾಗುತ್ತದೆ. ದಪ್ಪದ ಪ್ರಭಾವ ನಾಲ್ಕನೇ ಘಾತ: 10 ಮಿ.ಮೀ. ಬದಲು 12 ಹಿಡಿದರೆ ಬಾಗದೆ ನಿಲ್ಲುವ ಬಿಗಿತ ಎರಡು ಪಟ್ಟು ದಾಟುತ್ತದೆ. ಕೊಲೆಟನ್ನು (ಹೋಲ್ಡರಿನೊಳಗೆ ಟೂಲನ್ನು ಬಿಗಿಹಿಡಿಯುವ ಸೀಳು ತೋಳು) ಮೊದಲು ನಟ್ಟಿಗೆ ಕಚ್ಚಿಸಿ ಆಮೇಲೆ ಟೂಲ್ ತೂರಿಸದಿದ್ದರೆ, ಟೇಪರಿನಲ್ಲಿ ಒಂದು ಚೂರು ಚಿಪ್ ಉಳಿದರೆ, ಜಾಬ್ ವೈಸ್ ದವಡೆಗಿಂತ ತೀರಾ ಎತ್ತರ ನಿಂತರೆ ನಕ್ಷೆಯೇ ಬದಲಾಗುತ್ತದೆ. ಇದನ್ನು ಬಲ್ಲವರು ಲ್ಯಾಬಿನ ಇನ್‌ಸ್ಟ್ರಕ್ಟರ್, ಶಾಪಿನ ಸೆಟ್ಟರ್. ಪ್ರಬಂಧದಲ್ಲಿ ಅವರ ಹೆಸರೂ ಕಾಣುವುದಿಲ್ಲ, ಅವರಿಗೆ ಗೊತ್ತಿದ್ದ ಅಳತೆಯೂ ಕಾಣುವುದಿಲ್ಲ.

ಪ್ರಬಂಧದಲ್ಲಿ ಇರುವುದು ಹೆಚ್ಚಾಗಿ ಟಗುಚಿಯ ಎಲ್9 ಕೋಷ್ಟಕ, ಅಂದರೆ ಕೆಲವೇ ಪ್ರಯೋಗಗಳಲ್ಲಿ ಹಲವು ಅಂಶಗಳ ಪ್ರಭಾವ ಅಳೆಯುವ ಸಿದ್ಧ ಯೋಜನೆ. ವೇಗ, ಫೀಡ್, ಆಳ, ಮೂರಕ್ಕೂ ಮೂರು ಮೂರು ಹಂತ, ಒಂಬತ್ತು ಕಟ್. ಕೊನೆಗೆ ಯಾವುದರ ಕೊಡುಗೆ ಶೇಕಡಾ ಎಷ್ಟು ಎಂಬ ಸಾಲು. ವೇಗದ ಪ್ರಭಾವ ಗುಡ್ಡಸಾಲಿನಂತೆ ಇರುವಾಗ 1000, 2000, 3000 ಎಂಬ ಮೂರು ಕಡೆ ಮಾತ್ರ ಇಣುಕಿದರೆ ಶಿಖರ ಸಿಕ್ಕಿತೋ ತಗ್ಗು ಸಿಕ್ಕಿತೋ ಎಂಬುದು ಅದೃಷ್ಟದ ಮಾತು. ಟೂಲನ್ನು ಹತ್ತು ಮಿ.ಮೀ. ಒಳಗೆ ತಳ್ಳಿದರೆ ಆ ಶೇಕಡಾ ಲೆಕ್ಕ ತಲೆಕೆಳಗಾಗಬಹುದು. ಹೊರಚಾಚನ್ನು ಬದಲಿಸಿ ನೋಡಿಲ್ಲವಾದ್ದರಿಂದ ಕೋಷ್ಟಕದಲ್ಲಿ ಅದಕ್ಕೆ ಸಾಲೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ಇರಬಹುದು.

ಲೇಖಕತ್ವವನ್ನೂ ನಾವು ಶೇಕಡಾದಲ್ಲೇ ಅಳೆಯುತ್ತಿದ್ದೇವೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಜ್ಞಾನ, ಎಂಜಿನಿಯರಿಂಗ್ ವಿಭಾಗದ ಒಂದು ಪ್ರಬಂಧಕ್ಕೆ ಮೂಲ ಅಂಕ 8. ಇಬ್ಬರು ಬರೆದರೆ ತಲಾ ಶೇ 70. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಪ್ರಧಾನ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ನಾಲ್ವರಿದ್ದರೆ 5.6ರ ಜತೆಗೆ ಮೂರು ಸಲ 2.4, ಒಟ್ಟು 12.8. ಆರು ಜನರಾದರೆ 17.6. ಕೆಲಸ ಅಷ್ಟೇ, ಹೆಸರು ಸೇರಿದಂತೆ ಅಂಕ ಬೆಳೆಯುತ್ತದೆ. ಪ್ರಬಂಧಗಳ ಸಂಖ್ಯೆ ಮತ್ತು ಅವನ್ನು ಇತರರು ಉಲ್ಲೇಖಿಸಿದ ಸಂಖ್ಯೆಯಿಂದ ಸಂಶೋಧಕರನ್ನು ಅಳೆಯುವ, ಹಿರ್ಷ್ 2005ರಲ್ಲಿ ಕೊಟ್ಟ ಎಚ್-ಸೂಚ್ಯಂಕ ಇನ್ನೂ ಒರಟು: ಹೆಸರು ಎಷ್ಟನೆಯದು, ಜತೆಗೆ ಎಷ್ಟು ಜನ ಎಂಬುದನ್ನು ಅದು ಕೇಳುವುದೇ ಇಲ್ಲ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿ ಕುರಿತು ಬಂದ ಭೌತವಿಜ್ಞಾನದ ಪ್ರಬಂಧಕ್ಕೆ 5,154 ಲೇಖಕರು. ಯಂತ್ರ ಕಟ್ಟಿದವರನ್ನೂ ಲೇಖಕರೆಂದೇ ಎಣಿಸುವ ರೂಢಿ ಆ ಕ್ಷೇತ್ರದಲ್ಲಿದೆ. ನಮ್ಮಲ್ಲಿ ಯಂತ್ರ ಸೆಟ್ ಮಾಡಿದವರಿಗೆ ಕೃತಜ್ಞತೆಯ ಸಾಲೂ ಸಿಗದೆ ಹೋಗುವುದುಂಟು, ಯಂತ್ರದ ಹತ್ತಿರ ಸುಳಿಯದವರಿಗೆ ಮೂರನೆಯ ಜಾಗ ಸಿಗುವುದೂ ಉಂಟು. ಇದು ಅನ್ಯಾಯ ಎಂಬುದನ್ನು ಮೆತ್ತಗೆ ಹೇಳಬೇಕಾಗಿಲ್ಲ.

ಹಾಗೆಂದು ಗುಂಡಿ ಒತ್ತಿದವರೆಲ್ಲ ಲೇಖಕರಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ: ಯೋಜನೆಗೋ ದತ್ತಾಂಶಕ್ಕೋ ಗಣನೀಯ ಕೊಡುಗೆ, ಬರವಣಿಗೆಯಲ್ಲಿ ಅಥವಾ ಅದರ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಬೇಕು. ಮೊದಲನೆಯದನ್ನು ಪೂರೈಸಿದವರಿಗೆ ಉಳಿದ ಮೂರಕ್ಕೆ ಅವಕಾಶ ಕೊಡಬೇಕೆಂದೂ ಅದೇ ಸಮಿತಿ ಹೇಳುತ್ತದೆ, ಇದನ್ನು ಓದುವವರು ಕಡಿಮೆ. ಕೊಟ್ಟ ಪ್ರೋಗ್ರಾಮ್ ಓಡಿಸಿ ಕೊಟ್ಟವರಿಗೆ ಕೃತಜ್ಞತೆ ಸಾಕು. ಮೂರನೇ ಕಟ್‌ನಲ್ಲಿ ಟೂಲ್ ಕೊಲೆಟಿನಿಂದ ಜಾರಿತೆಂದು ಗುರುತಿಸಿ, ಆ ಅಂಕಿಯನ್ನು ಕೈಬಿಡಿಸಿ, ಹೊರಚಾಚು ಕಡಿಮೆ ಮಾಡಿ ಪ್ರಯೋಗವನ್ನೇ ತಿದ್ದಿದವರು ವಿಧಾನ ರೂಪಿಸಿದವರು. ಅವರನ್ನು ಕರಡು ಓದಲು ಕರೆಯಬೇಕು. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಕೂತು ಓದಿ ಹೇಳಬೇಕು.

ಯಾರು ಏನು ಮಾಡಿದರು ಎಂದು 14 ಪಾತ್ರಗಳಲ್ಲಿ ಬಿಡಿಸಿ ಹೇಳುವ ಕ್ರೆಡಿಟ್ ಎಂಬ ಪಟ್ಟಿ 2022ರಿಂದ ಅಮೆರಿಕದ ರಾಷ್ಟ್ರೀಯ ಮಾನಕವಾಗಿದೆ. ಪರಿಕಲ್ಪನೆ, ವಿಧಾನ, ಪ್ರಯೋಗ, ಸಲಕರಣೆ, ಪರಿಶೀಲನೆ, ಮೇಲ್ವಿಚಾರಣೆ, ಮೊದಲ ಕರಡು ಹೀಗೆ. ಲೇಖಕ ಯಾರೆಂದು ಅದು ತೀರ್ಮಾನಿಸುವುದಿಲ್ಲ, ಲೇಖಕನ ಪಾಲು ಯಾವುದೆಂದು ಹೇಳಿಸುತ್ತದೆ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳ ವಿಭಾಗ ಮುಖ್ಯಸ್ಥರು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯಿಂದಲೇ ಇದನ್ನು ಶುರು ಮಾಡಬಹುದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಜತೆಗೆ ಒಂದು ಸೆಟ್ಟಿಂಗ್ ಹಾಳೆ ಕಡ್ಡಾಯವಾಗಲಿ. ಯಂತ್ರ, ಹೋಲ್ಡರ್ ಮತ್ತು ಕೊಲೆಟ್‌ನ ಅಳತೆ, ಹಲ್ಲುಗಳ ಸಂಖ್ಯೆ, ಹೊರಚಾಚು ಮಿ.ಮೀ.ನಲ್ಲಿ, ಡಯಲ್ ತೋರಿಸಿದ ಓರೆ, ಜಾಬ್ ಹಿಡಿದ ರೀತಿ, ಕಟ್‌ನ ಆಳ ಅಗಲ ಎರಡೂ, ಸಾಧ್ಯವಾದರೆ ಸುತ್ತಿಗೆ ಬಡಿದು ಅಳೆದ ಸಹಜ ಆವರ್ತನ. ಕೆಳಗೆ ದಿನಾಂಕ, ಸೆಟ್ ಮಾಡಿದವರ ಹೆಸರು, ಸಹಿ. ಹೊರಗಿನ ಶಾಪಿನಲ್ಲಿ ಜಾಬ್ ವರ್ಕ್ ಮಾಡಿಸುವ ವಿದ್ಯಾರ್ಥಿಗಳಿಗೆ ಶಾಪಿನವರೇ ಇದನ್ನು ಬರೆದುಕೊಟ್ಟು, ಒಂದು ಪ್ರತಿ ತಮ್ಮಲ್ಲಿ ಇಟ್ಟುಕೊಳ್ಳಲಿ. ಪ್ರಬಂಧದಲ್ಲಿ ಹೆಸರು ಹಾಕುವ ಮೊದಲು, ಕೃತಜ್ಞತೆಯ ಸಾಲಿಗಾದರೂ ಸರಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ.

— ಯಂತ್ರಾಗಾರದ ಓದುಗರು, ದಾವಣಗೆರೆ