ಮಳೆಗಾಲದ ಜಲವರ್ಣ: ಸದಸ್ಯರ ಗಮನಕ್ಕೆ

ಮುಂಬೈ ಮಳೆಯಲ್ಲಿ ಕಾಗದ ಬೇಗ ಒಣಗುವುದಿಲ್ಲ. ಈ ವಾರ ನಮ್ಮ ಗುಂಪಿಗೆ ಬಂದ ಅರೆಬರೆ ಚಿತ್ರಗಳ ಆಕಾಶದಲ್ಲಿ ಹೂಕೋಸಿನಂಥ ಕಲೆಗಳೇ ಜಾಸ್ತಿ. ಬಣ್ಣದ ಮೊದಲ ಪದರದ ಹಸಿ ಹೊಳಪು ಹೋಗಿ ಒಳಗಿನ್ನೂ ತೇವವಿರುವಾಗ ನೀರು ತುಂಬಿದ ಕುಂಚ ತಾಗಿದರೆ ಹೀಗಾಗುತ್ತದೆ. ಕೈಯ ಹಿಂಬದಿ ಮುಟ್ಟಿಸಿ, ತಂಪೆನಿಸಿದರೆ ಕಾಯಿರಿ. ಹೇರ್ ಡ್ರೈಯರ್ ಹಿಡಿಯುವುದಾದರೆ ಹೊಳಪು ಆರಿದ ಮೇಲೆ, ಒಂದಡಿ ದೂರದಿಂದ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನೇ ತಳ್ಳುತ್ತದೆ.

ಕಲೆ ಬಿತ್ತೇ? ಹಸಿಯಲ್ಲಿ ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಒದ್ದೆ ಕುಂಚದಿಂದ ಅಂಚು ಸಡಿಲಿಸಿ, ಟಿಶ್ಯೂ ಒತ್ತಿ ತೆಗೆಯಿರಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ಇದನ್ನು ತಾಳಿಕೊಳ್ಳುತ್ತದೆ, ತೆಳು ಕಾಗದ ನಾರೇಳುತ್ತದೆ.

ಗುಂಪಿಗೆ ಹಾಕುವ ಚಿತ್ರದ ಫೋಟೊ ಕಿಟಕಿ ಬೆಳಕಿನಲ್ಲಿ ತೆಗೆದು, ಕಾಗದದ ತೂಕವನ್ನೂ (ಜಿಎಸ್‌ಎಂ) ಬರೆಯಿರಿ. ನೋಡುವವರು ಬರೀ ‘ಸೂಪರ್’ ಅನ್ನದೆ ಯಾವ ಭಾಗ ಹಿಡಿಸಿತೆಂದು ಹೇಳಿ. ಬಿಡಿಸಿದವರಿಗೆ ಆ ಭಾಗವನ್ನು ಮತ್ತೆ ತಿದ್ದಬಾರದೆಂದು ಗೊತ್ತಾಗುತ್ತದೆ.